ಕೊರಕ, ಕುಸಿತ ಮತ್ತು ಒಂದು ಹಳೆಯ ವಾದ

ಊರು ಕೊಡಗು ಎಂದು ಹೇಳಿದರೆ ಸಾಕು, 2018ರ ಬಗ್ಗೆ ಎದುರಿಗಿದ್ದವರ ಬಳಿ ಒಂದು ತೀರ್ಪು ಸಿದ್ಧವಾಗಿರುತ್ತದೆ. ಹಾಸ್ಟೆಲಿನ ಮೆಸ್ಸಿನಲ್ಲಿ, ವಿಚಾರ ಸಂಕಿರಣದ ಚಹಾ ವಿರಾಮದಲ್ಲಿ, ಬಸ್ಸಿನ ಪಕ್ಕದ ಸೀಟಿನಲ್ಲಿ ಪರಿಚಯವೇ ಇಲ್ಲದವರ ಜೊತೆ ಈ ವಿಷಯಕ್ಕೆ ಎಷ್ಟು ಸಲ ವಾದ ಮಾಡಿದ್ದೇನೋ ಲೆಕ್ಕವಿಲ್ಲ. ಒಬ್ಬರು ಹೇಳುತ್ತಾರೆ: "ಗುಡ್ಡ ಕಡಿದು ರೆಸಾರ್ಟ್ ಕಟ್ಟಿದ್ದು ನೀವೇ, ಮತ್ತೆ ಮಳೆಯನ್ನು ಯಾಕೆ ಬೈತೀರಿ?" ಇನ್ನೊಬ್ಬರ ಸಿಟ್ಟು ಸರ್ಕಾರದ ಮೇಲೆ. ಹಾರಂಗಿಯಲ್ಲಿ ನೀರು ಹಿಡಿದಿಟ್ಟರು, ಗಾಡ್ಗೀಳ್ ವರದಿಯನ್ನು ಮೂಲೆಗೆ ಹಾಕಿದರು ಎಂದು ಅವರ ವಾದ. ಮೂರನೆಯವರು ಸಾಮಾನ್ಯವಾಗಿ ಎಂಜಿನಿಯರು. ಇಳಿಜಾರಿನಲ್ಲಿ ನಾಲ್ಕು ಸೆನ್ಸರ್ ನೆಟ್ಟಿದ್ದರೆ ಒಂದು ಜೀವವೂ ಹೋಗುತ್ತಿರಲಿಲ್ಲ ಎನ್ನುತ್ತಾರೆ. ಮೂವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ಆದರೂ ಪ್ರತಿಸಲವೂ ನನಗೆ ಸಿಟ್ಟು ಬರುತ್ತದೆ. ಈ ಸಿಟ್ಟು ಎಲ್ಲಿಂದ ಬರುತ್ತದೆ ಎಂದು ಯೋಚಿಸುತ್ತಿದ್ದಾಗ, ನನ್ನ ಸಂಶೋಧನೆಯ ಕಾಗದಗಳಲ್ಲೇ ಇದೇ ವಾದದ ಹಳೆಯ ರೂಪವೊಂದು ಕಣ್ಣಿಗೆ ಬಿತ್ತು. ಅದಕ್ಕೆ ನೂರೈವತ್ತು ವರ್ಷ ವಯಸ್ಸು.

ಮೊದಲು 2018ರದ್ದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಜುಲೈ 9ರಂದು ಮಡಿಕೇರಿ ಸುತ್ತ ಲಘುವಾಗಿ ಭೂಮಿ ನಡುಗಿತು. ತೀವ್ರತೆ 3.4. ಆಗಸ್ಟ್ ಮಧ್ಯಕ್ಕೆ ಬರುವ ಹೊತ್ತಿಗೆ ಮಣ್ಣು ಇನ್ನು ನೀರು ಕುಡಿಯಲಾರದ ಸ್ಥಿತಿಗೆ ಬಂದಿತ್ತು. 16, 17ರಂದು ಮಡಿಕೇರಿ ಮತ್ತು ಸೋಮವಾರಪೇಟೆ ತಾಲ್ಲೂಕುಗಳಲ್ಲಿ ಗುಡ್ಡಗಳು ಕುಸಿದವು. ಜೋಡುಪಾಲ, ಮದೆನಾಡು, ಮೊಣ್ಣಂಗೇರಿ, ಹೆಬ್ಬೆಟ್ಟಗೇರಿ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ. ಅಲ್ಲಿಯವರೆಗೆ ಮಡಿಕೇರಿ ಬಸ್ ನಿಲ್ದಾಣದ ಬೋರ್ಡಿನಲ್ಲಿ ಮಾತ್ರ ಇದ್ದ ಹೆಸರುಗಳು ದೇಶದ ಟೀವಿಯಲ್ಲಿ ಬಂದವು. ಸಾವಿರಾರು ಜನ ಪರಿಹಾರ ಕೇಂದ್ರಗಳಲ್ಲಿ ದಿನ ಕಳೆದರು. ಆಮೇಲೆ ಬಂದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಅತಿಮಳೆಯ ಜೊತೆಗೆ, ರಸ್ತೆ ಮತ್ತು ಕಟ್ಟಡಗಳಿಗಾಗಿ ಇಳಿಜಾರನ್ನು ಕಡಿದದ್ದೂ ಕಾರಣ ಎಂದರು. ಇದನ್ನು ನಾನು ಅಲ್ಲಗಳೆಯುತ್ತಿಲ್ಲ. ಮಡಿಕೇರಿ ಪೇಟೆಯ ಸುತ್ತ ಜೆಸಿಬಿ ಕಡಿದು ನೇರ ಗೋಡೆಯಂತೆ ನಿಲ್ಲಿಸಿದ ಕೆಂಪು ಮಣ್ಣನ್ನು ಯಾರು ಬೇಕಾದರೂ ನೋಡಬಹುದು.

ನಮ್ಮ ದೊಡ್ಡಪ್ಪನ ತೋಟ ಇರುವುದು ಮಕ್ಕಂದೂರಿನಿಂದ ಆಚೆ. 16ರ ರಾತ್ರಿ ಒಂದು ಎಕರೆಯಷ್ಟು ಜಾಗ, ಅದರಲ್ಲಿದ್ದ ಮೂವತ್ತು ವರ್ಷದ ರೊಬಸ್ಟಾ ಗಿಡಗಳು, ಮೆಣಸಿನ ಬಳ್ಳಿ ಹಬ್ಬಿದ್ದ ಹಾಲುವಾಣ ಮರಗಳು, ಕಾಫಿ ಒಣಗಿಸುವ ಕಣ ಎಲ್ಲವೂ ಕೆಳಗಿನ ತೋಡಿಗೆ ಇಳಿದು ಹೋದವು. ಮನೆ ಉಳಿಯಿತು, ಜನ ಉಳಿದರು. ಆ ಜಾಗದಲ್ಲಿ ಹೋಂಸ್ಟೇ ಇರಲಿಲ್ಲ, ಜೆಸಿಬಿ ಹೋಗುವಷ್ಟು ಅಗಲದ ದಾರಿಯೂ ಇರಲಿಲ್ಲ.

ಪರಿಹಾರಕ್ಕೆ ಅರ್ಜಿ ಹಾಕಿದಾಗ ನಾನೂ ಜೊತೆಗೆ ಓಡಾಡಿದೆ. ವಿಪತ್ತು ಪರಿಹಾರ ನಿಧಿಯ ಅಂದಿನ ನಿಯಮದ ಪ್ರಕಾರ, ಭೂಕುಸಿತದಲ್ಲಿ ಜಮೀನೇ ಹೋದರೆ ಹೆಕ್ಟೇರಿಗೆ 37,500 ರೂಪಾಯಿ. ಎಕರೆಗೆ ಸುಮಾರು 15,000. ಅದೂ ಸಣ್ಣ ಮತ್ತು ಅತಿಸಣ್ಣ ರೈತರಿಗೆ ಮಾತ್ರ, ಕಂದಾಯ ದಾಖಲೆಯಲ್ಲಿ ಒಡೆತನ ಕ್ರಮಬದ್ಧವಾಗಿದ್ದರೆ ಮಾತ್ರ. ಈ ಕೊನೆಯ ಮಾತಿನಲ್ಲೇ ನಮ್ಮ ಅರ್ಜಿ ನಿಂತುಬಿಟ್ಟಿತು. ಆರ್‌ಟಿಸಿಯಲ್ಲಿ ಪಟ್ಟೆದಾರ ಎಂದು ಇದ್ದದ್ದು ನಮ್ಮ ಮುತ್ತಜ್ಜ. ಅವರು ತೀರಿಕೊಂಡು ಮುಕ್ಕಾಲು ಶತಮಾನವಾಗಿದೆ.

ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಕೊಡಗಿನ ಜಮ್ಮಾ ಜಮೀನು ರಾಜರ ಕಾಲದಿಂದ ಕುಟುಂಬಕ್ಕೆ ಸೇರಿದ್ದು, ಒಬ್ಬ ವ್ಯಕ್ತಿಗೆ ಅಲ್ಲ. ರಾಜನಿಗೆ ಕರೆದಾಗ ಸೈನಿಕ ಸೇವೆ ಸಲ್ಲಿಸಬೇಕು, ಬದಲಿಗೆ ಕಂದಾಯ ಅರ್ಧ. 1834ರಲ್ಲಿ ಕಂಪನಿ ಸರ್ಕಾರ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ಸೇರಿಸಿಕೊಂಡಾಗಲೂ ಈ ಪದ್ಧತಿಯನ್ನು ಕೈಬಿಡಲಿಲ್ಲ. 1899ರ ಕೊಡಗು ಭೂಕಂದಾಯ ಕಾನೂನಿನಲ್ಲೂ ಅದಕ್ಕೆ ಜಾಗ ಸಿಕ್ಕಿತು. ಮನೆಯ ಹಿರಿಯನ ಹೆಸರು ಪಟ್ಟೆದಾರನೆಂದು ಬರೆಯುತ್ತಿದ್ದರು, ಉಳಿದವರು ಅವನ ಹಿಂದೆ ಇರುತ್ತಿದ್ದರು. ದಾಖಲೆಗಳೆಲ್ಲ ಕಂಪ್ಯೂಟರಿಗೆ ಹೋದ ಮೇಲೂ ಆ ಹಿರಿಯ ಅಲ್ಲೇ ಕೂತಿದ್ದಾನೆ. ಮುತ್ತಜ್ಜನ ಹೆಸರಿನಿಂದ ದೊಡ್ಡಪ್ಪನ ಹೆಸರಿಗೆ ಬರಲು ವಂಶವೃಕ್ಷ ಬೇಕು, ಹದಿನಾಲ್ಕು ಜನ ಪಾಲುದಾರರ ಒಪ್ಪಿಗೆ ಬೇಕು. ಅವರಲ್ಲಿ ಇಬ್ಬರು ಪರಸ್ಪರ ಮಾತಾಡುವುದಿಲ್ಲ, ಒಬ್ಬರು ಮಸ್ಕತ್‌ನಲ್ಲಿದ್ದಾರೆ. ನಮ್ಮ ಪಾಡೇ ವಾಸಿ ಎನ್ನಬೇಕು. ಸುತ್ತಲಿನ ದೊಡ್ಡ ತೋಟಗಳ ಲೈನ್ ಮನೆಗಳಲ್ಲಿದ್ದ ಕಾರ್ಮಿಕರ ಬಳಿ ತೋರಿಸಲು ಮುತ್ತಜ್ಜನ ಹೆಸರೂ ಇರಲಿಲ್ಲ.

ಆ ಓಡಾಟದಲ್ಲಿ ಒಂದು ಪದ ಕಿವಿಯಲ್ಲಿ ಉಳಿಯಿತು. ಅರ್ಜಿಯಲ್ಲಿ, ಮಹಜರಿನಲ್ಲಿ, ಕೊನೆಗೆ ನಮ್ಮ ಊರಿನವರ ಮಾತಿನಲ್ಲೂ 2018ಕ್ಕೆ ಇರುವ ಹೆಸರು 'ಪ್ರಕೃತಿ ವಿಕೋಪ'. ಹಾಗೆ ಬರೆದರೆ ಮಾತ್ರ ಪರಿಹಾರದ ಕಡತ ತೆರೆಯುತ್ತದೆ. ಗುಡ್ಡ ಕುಸಿದದ್ದು ಮನುಷ್ಯ ಕಡಿದದ್ದರಿಂದ ಎಂದು ಬರೆದರೆ ಅದು ಯಾರ ಕಡತಕ್ಕೂ ಸೇರುವುದಿಲ್ಲ. ಹಾಗಾಗಿ ತೋಟ ಕಳೆದುಕೊಂಡವನು ಮಳೆಯನ್ನೇ ಹಿಡಿದು ಮಾತಾಡುತ್ತಾನೆ. ಅವನಿಗೆ ಗುಡ್ಡ ಕಡಿದದ್ದು ಗೊತ್ತಿಲ್ಲವೆಂದಲ್ಲ, ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಯಾರು, ಯಾವ ವರ್ಷ, ಯಾರ ಸಹಿಯಲ್ಲಿ ಭೂಪರಿವರ್ತನೆ ಮಾಡಿಸಿ ಕಡಿದರೆಂಬುದೂ ಗೊತ್ತು. ಚಹಾ ವಿರಾಮದಲ್ಲಿ ನನಗೆ ಸಿಕ್ಕವರು ಕಾರಣದ ಬಗ್ಗೆ ಮಾತಾಡುತ್ತಿದ್ದರು. ನನ್ನ ಕಿವಿಗೆ ಅದು ಅರ್ಜಿ ತಿರಸ್ಕಾರದಂತೆ ಕೇಳುತ್ತಿತ್ತು.

ಈಗ 1860ರ ದಶಕಕ್ಕೆ ಹೋಗೋಣ. ನನ್ನ ಅಧ್ಯಯನದ ವಸ್ತು ಕೊಡಗಿನ ಕಾಫಿ ತೋಟಗಳ ಆರಂಭಕಾಲ.

ಕೊಡಗಿನಲ್ಲಿ ಕಾಫಿ ಬೆಳೆದ ಮೊದಲಿಗರು ಬಿಳಿಯರಲ್ಲ. ರಾಜರ ಕಾಲದಲ್ಲೇ ನಾಲ್ಕುನಾಡಿನ ಕಡೆ ಮಾಪಿಳ್ಳೆಗಳು ಬೆಳೆಯುತ್ತಿದ್ದರು, ಅದನ್ನು ಗುಟ್ಟಾಗಿಯೂ ಇಟ್ಟುಕೊಂಡಿದ್ದರು ಎಂಬ ಮಾತಿದೆ. ಅವರನ್ನು ನೋಡಿ ಕೊಡವರೂ ಗೌಡರೂ ಮನೆಯ ಪಕ್ಕದ ಬಾಣೆಗಳಲ್ಲಿ, ಇದ್ದ ಮರಗಳ ಅಡಿಯಲ್ಲೇ ನೆಟ್ಟುಕೊಂಡರು. ಯುರೋಪಿಯನ್ನರಲ್ಲಿ ಮೊದಲಿಗ ಫೌಲರ್, 1854ರಲ್ಲಿ ಮಡಿಕೇರಿಯಲ್ಲಿ ತೋಟ ತೆರೆದ. ಮರುವರ್ಷ ಮ್ಯಾನ್ ಎಂಬಾತ ಸಂಪಾಜೆ ಘಾಟಿಗೆ ಇಳಿದ. ಜೋಡುಪಾಲ ಇರುವುದು ಇದೇ ಘಾಟಿಯಲ್ಲಿ. ಆಮೇಲೆ ಪೆರಂಬಾಡಿ ಘಾಟಿ, ಸಿದ್ದಾಪುರ ಪಾಲಿಬೆಟ್ಟದ ಕಡೆಯ ಬಿದಿರು ಸೀಮೆ. ಬಾಸೆಲ್ ಮಿಷನ್ನಿನ ಕೌಂಡಿನ್ಯ ಆನಂದಪುರ ಎಂಬ ಊರನ್ನೇ ಕಟ್ಟಿದರು. ಹದಿನೈದು ವರ್ಷಗಳೊಳಗೆ ಜಿಲ್ಲೆಯ ಮುಖವೇ ಬೇರೆಯಾಯಿತು.

ಹೊಸ ತೋಟಗಳ ತಂತ್ರವೇ ಬೇರೆ. ಕಾಡನ್ನು ಪೂರ್ತಿ ಕಡಿಯುವುದು, ಬಿಸಿಲಿಗೆ ಒಣಗಿಸಿ ಬೆಂಕಿ ಹಾಕುವುದು, ಬೂದಿಯ ಮೇಲೆ ಸಾಲಾಗಿ ಗಿಡ ನೆಡುವುದು. ಸಿಲೋನಿನಲ್ಲಿ ಗೆದ್ದ ವಿಧಾನ ಇದು. ಅಂದಿನ ಮಟ್ಟಿಗೆ ಅದೇ ಆಧುನಿಕ ತಂತ್ರಜ್ಞಾನ. ಮರದಡಿಯ ಬಾಣೆ ಕಾಫಿ ಹಿಂದುಳಿದವರ ಸಾಗುವಳಿ. ಸರ್ಕಾರದ ನಿಯಮಗಳೂ ಹೊಸ ತಂತ್ರಕ್ಕೆ ಒಪ್ಪುವಂತಿದ್ದವು. ಮೊದಲು ಇದ್ದದ್ದು 'ಹಾಲತ್' ಎಂಬ ತೆರಿಗೆ, ಬೆಳೆದ ಕಾಫಿಯ ತೂಕದ ಮೇಲೆ. 1860ರ ದಶಕದಲ್ಲಿ ಅದು ಹೋಗಿ ಎಕರೆ ಲೆಕ್ಕದ ಕಂದಾಯ ಬಂತು. ಬಂಜರು ಎಂದು ಹೆಸರಿಟ್ಟ ಕಾಡನ್ನು ಹರಾಜಿನಲ್ಲಿ ಕೊಂಡವನಿಗೆ ಮೊದಲ ನಾಲ್ಕು ವರ್ಷ ಕಂದಾಯವಿಲ್ಲ, ಐದರಿಂದ ಒಂಬತ್ತನೇ ವರ್ಷದವರೆಗೆ ಎಕರೆಗೆ 1 ರೂಪಾಯಿ, ಆಮೇಲೆ 2 ರೂಪಾಯಿ. ಈ ಲೆಕ್ಕವನ್ನು ತೋಟಗಾರನ ಕಣ್ಣಿನಿಂದ ನೋಡಿ. ಕಾಫಿ ಗಿಡ ಫಸಲು ಕೊಡಲು ಮೂರ್ನಾಲ್ಕು ವರ್ಷ ಬೇಕು. ಐದನೇ ವರ್ಷ ಕಂದಾಯದವನು ಬಂದಾಗ ಮರ ನಿಂತಿರುವ ಎಕರೆಗೂ ಅಷ್ಟೇ, ಕಾಫಿ ಇರುವ ಎಕರೆಗೂ ಅಷ್ಟೇ. ಕಾಡನ್ನು ಉಳಿಸಿಕೊಂಡವನು ನಷ್ಟದವನು.

ಬಿದಿರು ಸೀಮೆಯ ತೋಟಗಳು ಹಸಿರಾಗಿ ನಿಂತವು. ಆಮೇಲೆ ದಶಕದ ನಡುವಿನಲ್ಲಿ ಎಲೆ ಹಳದಿಯಾಗತೊಡಗಿತು, ಗಿಡ ಬಾಡಿತು, ಕೈಯಿಂದ ತಳ್ಳಿದರೆ ಕಾಂಡ ಮುರಿದು ಬೀಳುತ್ತಿತ್ತು. ಒಳಗೆ ಸುರಂಗ, ಸುರಂಗದಲ್ಲಿ ಬಿಳಿ ಹುಳ. ಇವತ್ತು ನಾವು ಬಿಳಿಕಾಂಡ ಕೊರಕ ಎನ್ನುವ ಕೀಟ ಅದು. ಮೈಮೇಲೆ ಬಿಳಿ ಪಟ್ಟೆಯಿರುವ ಸಣ್ಣ ಕರಿ ದುಂಬಿ, ಬಿಸಿಲು ಬಿದ್ದ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಮರಿ ಒಳಗೆ ಹೊಕ್ಕು ತಿಂಗಳುಗಟ್ಟಲೆ ಕೊರೆಯುತ್ತದೆ. ಹೊರಗೆ ಗೊತ್ತಾಗುವ ಹೊತ್ತಿಗೆ ಗಿಡ ಸತ್ತಂತೆಯೇ. ಸಾಲ ಮಾಡಿ ತೋಟ ತೆರೆದವರು ಕಂಗಾಲಾದರು. ಕೆಲವರು ತೋಟವನ್ನೇ ಬಿಟ್ಟು ಹೋದರು.

ಆಗ ಶುರುವಾಯಿತು ವಾದ. ಬರಗಾಲದಿಂದ ಬಂತು ಎಂದರು. ಬೀಜದ ತಳಿಯೇ ಸವೆದುಹೋಗಿದೆ ಎಂದರು. ಸಾಗುವಳಿ ಸರಿ ಇಲ್ಲ, ನೆರಳು ತೆಗೆದದ್ದೇ ತಪ್ಪು ಎಂದರು. ಪಕ್ಕದ ಮಂಜರಾಬಾದಿನ ತೋಟಗಾರ ರಾಬರ್ಟ್ ಎಲಿಯಟ್ ತನ್ನ ಪುಸ್ತಕಗಳಲ್ಲಿ ಈ ಕಾಲದ ಬಗ್ಗೆ ಬರೆದಿದ್ದಾನೆ. ಅಲ್ಲಿ 'ಚಿಕ್' ಎಂಬ ಹಳೆಯ ಮೈಸೂರು ತಳಿ ಕೊರಕಕ್ಕೆ ಸೋತು, ಅದರ ಜಾಗಕ್ಕೆ 'ಕೂರ್ಗ್' ತಳಿಯನ್ನು ತಂದರು. ಕೊಡಗಿನ ತೋಟಗಳೇ ಬೀಳುತ್ತಿದ್ದ ಕಾಲದಲ್ಲಿ ಕೊಡಗಿನ ಹೆಸರಿನ ಬೀಜ ಪಕ್ಕದ ಸೀಮೆಯನ್ನು ಎತ್ತಿ ನಿಲ್ಲಿಸಿತು!

ಮದ್ರಾಸ್ ಸರ್ಕಾರ ವಿಚಾರಣೆಗೆ ಕಳಿಸಿದ್ದು ಡಾ. ಜಾರ್ಜ್ ಬಿಡೀ ಅವರನ್ನು. ಸ್ಕಾಟ್ಲೆಂಡಿನವರು, ಸೈನ್ಯದ ವೈದ್ಯರು, ಸಸ್ಯಶಾಸ್ತ್ರದಲ್ಲಿ ಆಸಕ್ತರು, ಮುಂದೆ ಮದ್ರಾಸಿನ ಸರ್ಕಾರಿ ಮ್ಯೂಸಿಯಮ್ಮಿನ ಮುಖ್ಯಸ್ಥರಾದವರು. ಮೈಸೂರು, ಕೊಡಗು, ವಯನಾಡಿನ ತೋಟಗಳನ್ನು ಸುತ್ತಿ ಅವರು ಬರೆದ ವರದಿ 1869ರಲ್ಲಿ ಅಚ್ಚಾಯಿತು. ಅದೇ ವರ್ಷ ಲಂಡನ್ನಿನ ರಾಯಲ್ ಜಿಯಾಗ್ರಾಫಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಕೊಡಗಿನ ಅರಣ್ಯನಾಶದ ಪರಿಣಾಮಗಳ ಬಗ್ಗೆ ಅವರ ಪ್ರಬಂಧವೂ ಬಂತು. ಆ ಹೊತ್ತಿಗೆ ಮಲೆಕಾಡು, ಕಣಿವೆಕಾಡು ಎಂಬ ನಮ್ಮ ಊರಿನ ಮಾತುಗಳೂ ಕೊಡಗಿನ ಬಗೆಗಿನ ಇಂಗ್ಲಿಷ್ ಬರಹಗಳಿಗೆ ಹೊಕ್ಕಿದ್ದವು. ಕಾಡು ಕಡಿದರೆ ತೊರೆ ಬತ್ತುತ್ತದೆ, ಗಾಳಿ ಬಿಸಿಯಾಗುತ್ತದೆ ಎಂಬ ವಿಚಾರ ಹೊಸದಾಗಿರಲಿಲ್ಲ. 1851ರಲ್ಲೇ ಹ್ಯೂ ಕ್ಲೆಗ್‌ಹಾರ್ನ್ ಮತ್ತು ಜೊತೆಗಾರರು ಬ್ರಿಟಿಷ್ ವಿಜ್ಞಾನ ಸಂಘದ ಮುಂದೆ ಉಷ್ಣವಲಯದ ಕಾಡುಗಳ ನಾಶದ ಬಗ್ಗೆ ವರದಿ ಇಟ್ಟಿದ್ದರು. ಬಿಡೀ ಅದನ್ನು ಒಂದು ಸಣ್ಣ ಸೀಮೆಗೆ, ಒಂದು ಹುಳಕ್ಕೆ ತಂದು ಜೋಡಿಸಿದರು. ನೆರಳಿಲ್ಲದ ತೋಟ ಕೊರಕಕ್ಕೆ ಹಬ್ಬ. ನೆರಳು ಬೆಳೆಸಿ, ಹುಳ ಹಿಡಿದ ಗಿಡವನ್ನು ಕಿತ್ತು ಸುಡಿ ಎಂದರು.

ಬಿಡೀ ಹೇಳಿದ್ದು ಬಹುಮಟ್ಟಿಗೆ ಸರಿ. ಇವತ್ತಿಗೂ ಅರೇಬಿಕಾ ಬೆಳೆಗಾರರಿಗೆ ಸಿಗುವ ಸಲಹೆ ಹೆಚ್ಚು ಕಡಿಮೆ ಅದೇ: ನೆರಳು ಕಾಪಾಡಿ, ದುಂಬಿ ಹೊರಡುವ ಏಪ್ರಿಲ್-ಮೇ ಮತ್ತು ಅಕ್ಟೋಬರ್-ಡಿಸೆಂಬರಿಗೆ ಮುಂಚೆ ಬುಡ ನೋಡಿ, ಹಿಡಿದ ಗಿಡ ಕಿತ್ತು ಸುಡಿ. ಹಾಗಾದರೆ ಈ ಕಾಗದಗಳನ್ನು ಓದುವಾಗ ನನಗೆ ಏನು ಚುಚ್ಚುತ್ತದೆ? ಅವರನ್ನು ಕಳಿಸಿದ್ದು ಹುಳದ ಬಗ್ಗೆ ತಿಳಿಯಲು, ಕಂದಾಯ ನಿಯಮದ ಬಗ್ಗೆ ಅಲ್ಲ. ಕಾಡು ಕಡಿದವರು ಯಾರು ಎಂದರೆ ತೋಟಗಾರರು. ಕಡಿಯದಿದ್ದರೆ ನಷ್ಟವಾಗುವ ಹಾಗೆ ಲೆಕ್ಕ ಬರೆದವರು ಯಾರು ಎಂಬುದು ಇನ್ನೊಂದು ಕಪಾಟಿನ ಕಡತ. ಪತ್ರಾಗಾರದಲ್ಲೂ ಅವು ಹಾಗೆಯೇ ಬೇರೆ ಬೇರೆ ಇವೆ: ಅರಣ್ಯ ಒಂದು ಕಡೆ, ಕಂದಾಯ ಒಂದು ಕಡೆ. ಎರಡನ್ನೂ ಒಂದೇ ಮೇಜಿನ ಮೇಲೆ ತರಿಸಿಕೊಂಡು ಓದಬೇಕಾದರೆ ಪಿಎಚ್.ಡಿ.ಯನ್ನೇ ಮಾಡಬೇಕೇನೋ.

ಇನ್ನೊಂದು ಹೋಲಿಕೆಯೂ ಇದೆ. ಕೊರಕವನ್ನು ಬರ, ಮಿಡತೆಯಂಥ ಆಪತ್ತು ಎಂದು ಒಪ್ಪಿದರೆ ಕಂದಾಯದಲ್ಲಿ ವಿನಾಯಿತಿ ಕೇಳಲು ಬಾಯಿ ಬರುತ್ತದೆ. ಕೆಟ್ಟ ಸಾಗುವಳಿಯ ಫಲ ಎಂದರೆ ಬಾಯಿ ಮುಚ್ಚುತ್ತದೆ. ಕೀಟಶಾಸ್ತ್ರದ ಚರ್ಚೆಯಂತೆ ಕಾಣುವ ಮಾತಿನ ಅಡಿಯಲ್ಲಿ ಓಡುತ್ತಿದ್ದದ್ದು ಈ ಲೆಕ್ಕ. 'ಪ್ರಕೃತಿ ವಿಕೋಪ' ಎಂದು ಬರೆಸಲು ದೊಡ್ಡಪ್ಪ ಪಟ್ಟ ಪಾಡನ್ನು ನೋಡಿರದಿದ್ದರೆ ನನಗೆ ಇದು ಕಾಣುತ್ತಿತ್ತೋ ಇಲ್ಲವೋ.

ವ್ಯತ್ಯಾಸವೂ ಇದೆ, ಅದನ್ನು ಮರೆಸಬಾರದು. 1860ರ ದಶಕದಲ್ಲಿ ನಷ್ಟದ ಬಗ್ಗೆ ದನಿ ಎತ್ತಿದವರು ಇಂಗ್ಲಿಷ್ ಬರೆಯಬಲ್ಲ, ಸರ್ಕಾರಕ್ಕೆ ನೇರವಾಗಿ ತಲುಪಬಲ್ಲ ದೊರೆಗಳು. ಕಾಡನ್ನು ಕೈಯಾರೆ ಕಡಿದ, ಬೂದಿಯಲ್ಲಿ ಗುಂಡಿ ತೋಡಿದ, ತೋಟ ಮುಚ್ಚಿದಾಗ ಕೂಲಿ ಕಳೆದುಕೊಂಡ ಜನ ನಾನು ನೋಡಿದ ಕಾಗದಗಳಲ್ಲಿ ಲೆಕ್ಕವಾಗಿ ಬರುತ್ತಾರೆ, ಹೆಸರಾಗಿ ಬರುವುದಿಲ್ಲ. ಆ ಕಾಲದ ಅರಣ್ಯಾಧಿಕಾರಿಗಳಿಗೆ ಕಾಡಿನವರ ಕುಮ್ರಿ ಬೇಸಾಯದ ಮೇಲೆ ಇದ್ದ ಸಿಟ್ಟು ನೋಡಿದರೆ ನಗು ಬರುತ್ತದೆ. ಒಂದು ಸಣ್ಣ ತುಂಡು ಸುಟ್ಟು ರಾಗಿ ಚೆಲ್ಲಿ ಮುಂದೆ ಹೋಗುವವನು ಕಾಡಿನ ಶತ್ರು. ನೂರಾರು ಎಕರೆ ಸುಟ್ಟು ಹರಾಜಿನ ಹಣ ಕಟ್ಟಿದವನು ಅಭಿವೃದ್ಧಿಯ ಮುಂದಾಳು.

ಕೊರಕದ ಪೆಟ್ಟು ತಿಂದ ಮೇಲೆ ಯುರೋಪಿಯನ್ ತೋಟಗಳೂ ನೆರಳಿಗೆ ಮರಳಿದವು. ಹಾಲುವಾಣ ನೆಟ್ಟರು, ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್ ನೆಟ್ಟರು. ಎಲೆ ತುಕ್ಕು ರೋಗ ಅರೇಬಿಕಾವನ್ನು ಕಾಡಿದ ಮೇಲೆ ರೊಬಸ್ಟಾ ಬಂತು. ದೇಶದ ಕಾಫಿಯಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಬೆಳೆಯುವ ಇಂದಿನ ಕೊಡಗಿನ 'ನೆರಳಿನ ಕಾಫಿ' ಎಂಬ ಹೆಮ್ಮೆಯ ಹಿಂದೆ ಈ ಸೋಲಿದೆ. ಹಿಂದುಳಿದದ್ದು ಎನಿಸಿಕೊಂಡಿದ್ದ ಬಾಣೆ ಕಾಫಿಯ ವಿಧಾನವೇ ಕೊನೆಗೆ ಎಲ್ಲರ ವಿಧಾನವಾಯಿತು.

2018ರ ನಂತರವೂ ಮಳೆ ಬಿಟ್ಟಿಲ್ಲ, ವಾದವೂ ಬಿಟ್ಟಿಲ್ಲ. 2019ರಲ್ಲಿ ವಿರಾಜಪೇಟೆ ಕಡೆಯ ತೋರ ಕುಸಿಯಿತು. 2020ರ ಆಗಸ್ಟಿನಲ್ಲಿ ತಲಕಾವೇರಿಯಲ್ಲಿ ಬೆಟ್ಟ ಕುಸಿದು ಅರ್ಚಕರ ಮನೆಯ ಐವರು ಹೋದರು. ಆಗ ಎದ್ದ ಪ್ರಶ್ನೆ ಬೆಟ್ಟದ ಮೇಲೆ ತೋಡಿದ್ದ ಇಂಗುಗುಂಡಿಗಳದ್ದು. ನೀರು ಇಂಗಲಿ ಎಂದು ಮಾಡಿದ ಕೆಲಸವೇ ಗುಡ್ಡವನ್ನು ಸಡಿಲಿಸಿತೇ ಎಂದು ಜನ ಕೇಳಿದರು. ಬರಪೀಡಿತ ಬಯಲಿನಲ್ಲಿ ಒಳ್ಳೆಯದಾದ ತಂತ್ರ, ವರ್ಷಕ್ಕೆ ಇನ್ನೂರು ಇಂಚು ಮಳೆ ಸುರಿಯಬಲ್ಲ ಕಡಿದಾದ ಬೆಟ್ಟದಲ್ಲಿ ಒಳ್ಳೆಯದೇ ಆಗಬೇಕೆಂದಿಲ್ಲ. ಸಿಲೋನಿನ ವಿಧಾನವನ್ನು ಬಿದಿರು ಸೀಮೆಗೆ ತಂದಾಗಲೂ ಯಾರೂ ಇದನ್ನು ಕೇಳಿರಲಿಲ್ಲ.

ಇಷ್ಟೆಲ್ಲ ಓದಿದ ಮೇಲೆ ಅಪರಿಚಿತರ ಜೊತೆಗಿನ ನನ್ನ ವಾದದ ರೀತಿ ಸ್ವಲ್ಪ ಬದಲಾಗಿದೆ. "ನೀವೇ ಕಡಿದಿರಿ" ಎಂದವರಿಗೆ ಈಗ ನಾನು ಭೂಪರಿವರ್ತನೆಯ ಆದೇಶ ಹೇಗೆ ಆಗುತ್ತದೆ ಎಂದು ವಿವರಿಸುತ್ತೇನೆ. ಅರ್ಧ ಜನ ಅಲ್ಲಿಗೆ ಎದ್ದು ಹೋಗುತ್ತಾರೆ. ಎಂಜಿನಿಯರುಗಳು ಮಾತ್ರ ಕೂರುತ್ತಾರೆ. ಅವರಿಗೆ ವಿವರ ಇಷ್ಟ.

ಹಾಗೆ ಕೂತವರಲ್ಲಿ ಒಬ್ಬರು, ಬೆಂಗಳೂರಿನಲ್ಲಿ ಸಿಕ್ಕವರು, ಮುನ್ಸೂಚನೆಯ ಮಾದರಿ ಕಟ್ಟುತ್ತಿದ್ದೇನೆ ಎಂದರು. ರಾಜ್ಯದಲ್ಲಿ ಈಗ ಗ್ರಾಮ ಪಂಚಾಯಿತಿ ಮಟ್ಟಕ್ಕೆ ಮಳೆ ಅಳೆದು ಕಳಿಸುವ ಯಂತ್ರಗಳಿವೆ, ಆದರೆ ಅವು ಇತ್ತೀಚಿನವು. ಹಿಂದಿನ ಮಳೆಯ ಲೆಕ್ಕ ಬೇಕು ಎಂದರು. ಕೊಡಗಿನ ಮನೆಗಳಲ್ಲಿ ಅದಕ್ಕೆ ಬರವಿಲ್ಲ ಎಂದೆ. ನಮ್ಮಲ್ಲಿ ಬೆಳಿಗ್ಗೆ ಕಾಫಿ ಕುಡಿಯುವ ಮೊದಲೇ ಅಂಗಳದ ರೈನ್‌ಗೇಜಿನ ನೀರನ್ನು ಗಾಜಿನ ಅಳತೆಗೆ ಸುರಿದು, ಇಂಚು ಸೆಂಟಿನಲ್ಲಿ ಬರೆದಿಡುವವರು ಊರಿಗೆ ನಾಲ್ಕು ಜನ ಇರುತ್ತಾರೆ. "ನಿಮ್ಮಲ್ಲಿ ಎಷ್ಟು?" ಎಂದರೆ "ಒಂದು ಎಪ್ಪತ್ತು" ಎಂದು ಉತ್ತರ, ಇಂಚು ಎಂದು ಹೇಳಬೇಕಾಗಿಯೂ ಇಲ್ಲ. ಮಾರ್ಚಿನ ಹೂಮಳೆ ಐವತ್ತು ಸೆಂಟು ಬಿತ್ತೋ ಎಪ್ಪತ್ತೈದೋ ಎಂಬುದರ ಮೇಲೆ ಮುಂದಿನ ವರ್ಷದ ಸಾಲ ನಿಂತಿರುತ್ತದೆ. ನಮ್ಮ ದೊಡ್ಡಪ್ಪನ ಪುಸ್ತಕ 1979ರಿಂದ ಇದೆ.

ಅದನ್ನು ಕೊಡಲು ದೊಡ್ಡಪ್ಪನಿಗೆ ಮನಸ್ಸಿರಲಿಲ್ಲ. "ಯಾರೋ ಏನೋ, ಇದನ್ನೂ ತಗೊಂ‌ಡು ನಾವೇ ಕಡಿದದ್ದು ಅಂತ ಬರೆದರೆ?" ಎಂದರು. ಕೊನೆಗೆ ಫೋಟೋ ತೆಗೆಯಲು ಒಪ್ಪಿದರು. ಒಂದು ಭಾನುವಾರ ಕೂತು ನಲವತ್ತು ಚಿಲ್ಲರೆ ವರ್ಷದ ಪುಟಗಳನ್ನು ನಾನೇ ಮೊಬೈಲಿನಲ್ಲಿ ತೆಗೆದು ಕಳಿಸಿದೆ. ವಾರದ ನಂತರ ಅವರಿಂದ ಸಂದೇಶ ಬಂತು. ಬಹಳ ಅಪರೂಪದ ದಾಖಲೆ ಎಂದು ಹೊಗಳಿದ್ದರು. ಒಂದೇ ಒಂದು ಅನುಮಾನ: 2018ರ ಆಗಸ್ಟ್ 17ರಿಂದ ಮುಂದೆ ಎರಡು ತಿಂಗಳು ಕಾಲಂ ಖಾಲಿ ಇದೆಯಲ್ಲ, ಮುಖ್ಯವಾಗಿ ಬೇಕಾದದ್ದೇ ಆ ದಿನಗಳು, ಯಾಕೆ ಬರೆದಿಲ್ಲ?

ರೈನ್‌ಗೇಜ್ ಇದ್ದದ್ದು ಕಣದ ಪಕ್ಕದಲ್ಲಿ ಎಂದು ಉತ್ತರ ಬರೆದೆ.